ಎಂಟು ಕೋಶಗಳ ಭ್ರೂಣಕ್ಕೆ ಒಳಗು ಹೊರಗು ತಿಳಿಯುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ಜರಾಯುವಿನ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ಜರಾಯುವಿನ ಮುಖ್ಯ ಭಾಗವನ್ನು ಕಟ್ಟುವವು ಭ್ರೂಣದ್ದೇ ಆದ ಹೊರಪದರದ ಕೋಶಗಳು ಎಂದು ಬರೆದಿದ್ದೆ. ಆ ಒಂದು ವಾಕ್ಯವನ್ನು ಹಿಡಿದು ಹಲವು ಓದುಗರು ಪತ್ರ ಬರೆದಿದ್ದಾರೆ. ಬಂದ ಪ್ರಶ್ನೆಗಳೆಲ್ಲ ಒಂದೇ ವಿಷಯದ ಬೇರೆ ಬೇರೆ ಎಳೆಗಳಾಗಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಒಂದೇ ಅಂಡಾಣುವಿನಿಂದ ಬಂದ, ಒಂದೇ ವಂಶವಾಹಿಗಳನ್ನು ಹೊತ್ತ ಕೋಶಗಳಲ್ಲಿ ಕೆಲವು ಜರಾಯುವಿನ ದಾರಿ ಹಿಡಿಯುತ್ತವೆ, ಉಳಿದವು ಮಗುವಿನ ದೇಹವಾಗುತ್ತವೆ ಎಂದಿರಿ. ಈ ವ್ಯತ್ಯಾಸ ಮೊಟ್ಟಮೊದಲು ಕಾಣಿಸಿಕೊಳ್ಳುವುದು ಯಾವಾಗ, ಯಾವ ರೂಪದಲ್ಲಿ?

ಉತ್ತರ: ಯಾವುದೋ ಒಂದು ಹಂತದಲ್ಲಿ ಕೆಲವು ಕೋಶಗಳು ಉಳಿದವಕ್ಕಿಂತ ಬೇರೆಯಾಗಿಬಿಡುತ್ತವೆ ಎಂದು ನಾವು ಸಾಮಾನ್ಯವಾಗಿ ಊಹಿಸುತ್ತೇವೆ. ಆದರೆ ಅದಕ್ಕೂ ಮುಂಚೆ ಇನ್ನೊಂದು ಹೆಜ್ಜೆಯಿದೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಅಲ್ಲೇ ಇದೆ. ಸಸ್ತನಿಗಳ ಭ್ರೂಣದಲ್ಲಿ ಎದ್ದು ಕಾಣುವ ಭೇದ ಮೊದಲು ಮೂಡುವುದು ಒಂದೇ ಕೋಶದ ಎರಡು ಮುಖಗಳ ನಡುವೆ. ಆ ಬಳಿಕ ಕೋಶ ಒಡೆದು ಎರಡಾಗುವಾಗ ಆ ಭೇದ ಮರಿಕೋಶಗಳಿಗೆ ಪಾಲಾಗುತ್ತದೆ. ಕೋಶದ ಒಂದು ಮುಖವು ರಚನೆಯಲ್ಲಿಯೂ ಕೆಲಸದಲ್ಲಿಯೂ ಇನ್ನೊಂದು ಮುಖಕ್ಕಿಂತ ಬೇರೆಯಾಗುವುದನ್ನೇ ಜೀವಶಾಸ್ತ್ರದಲ್ಲಿ ಧ್ರುವೀಕರಣ ಎನ್ನುತ್ತಾರೆ. ನಮ್ಮ ಕರುಳಿನ ಒಳಗೋಡೆಯ ಕೋಶಗಳು ಇದಕ್ಕೆ ಒಳ್ಳೆಯ ಉದಾಹರಣೆ: ಆಹಾರ ಹಾದುಹೋಗುವ ಕಡೆಯ ಮುಖದಲ್ಲಿ ಹೀರಿಕೊಳ್ಳುವ ಏರ್ಪಾಡು, ರಕ್ತನಾಳಗಳ ಕಡೆಯ ಮುಖದಲ್ಲಿ ಸಾಗಹಾಕುವ ಏರ್ಪಾಡು. ಆ ಕೋಶಗಳು ಈಗಾಗಲೇ ಧ್ರುವೀಕರಣಗೊಂಡ ನೆರೆಕೋಶಗಳ ಸಾಲಿನಲ್ಲಿ ಕೂತಿರುತ್ತವೆ. ಭ್ರೂಣದ ಕೋಶಗಳಿಗೆ ಅಂಥ ನೆರೆಯಿಲ್ಲ. ಅವು ಏನೂ ಇಲ್ಲದಲ್ಲಿಂದ ತಮ್ಮ ಎರಡು ಮುಖಗಳನ್ನು ಕಂಡುಕೊಳ್ಳಬೇಕು.

ಇದು ನಡೆಯುವ ಬಗೆ ಚೆನ್ನಾಗಿ ತಿಳಿದಿರುವುದು ಇಲಿಯ ಭ್ರೂಣದಲ್ಲಿ. ಇಲಿಯ ಅಂಡಾಣು ಸುಮಾರು 80 ಮೈಕ್ರೋಮೀಟರ್ ಅಗಲವಿರುತ್ತದೆ, ಅಂದರೆ ಒಂದು ಮಿಲಿಮೀಟರಿನ ಹನ್ನೆರಡನೆಯ ಒಂದು ಪಾಲಿನಷ್ಟು. ಫಲಿತಗೊಂಡ ಮೇಲೆ ಅದು ಎರಡಾಗಿ, ನಾಲ್ಕಾಗಿ, ಸುಮಾರು ಎರಡೂವರೆ ದಿನದ ಹೊತ್ತಿಗೆ ಎಂಟು ಕೋಶಗಳಾಗುತ್ತದೆ. ಈ ಅವಧಿಯಲ್ಲಿ ಭ್ರೂಣ ಬೆಳೆದು ದೊಡ್ಡದಾಗುವುದಿಲ್ಲ. ಇದ್ದಷ್ಟೇ ಗಾತ್ರ ಹೆಚ್ಚು ಹೆಚ್ಚು ಕೋಶಗಳಿಗೆ ಹಂಚಿಹೋಗುತ್ತದೆ. ಸುತ್ತಲೂ ಜೋನಾ ಪೆಲ್ಯುಸಿಡಾ ಎಂಬ ಪಾರದರ್ಶಕ ಹೊದಿಕೆ ಇಡೀ ಗುಂಪನ್ನು ಚದುರದಂತೆ ಹಿಡಿದಿಟ್ಟಿರುತ್ತದೆ.

ಎಂಟು ಕೋಶಗಳ ಹಂತದ ಆರಂಭದಲ್ಲಿ ಸೂಕ್ಷ್ಮದರ್ಶಕದಡಿ ನೋಡಿದರೆ ದುಂಡನೆಯ ಎಂಟು ಗೋಲಿಗಳು ಒಂದನ್ನೊಂದು ಬರಿದೇ ಸೋಕಿಕೊಂಡು ಕೂತಂತೆ ಕಾಣುತ್ತವೆ. ಪ್ರತಿಯೊಂದರ ಅಂಚನ್ನೂ ಬೇರೆಬೇರೆಯಾಗಿ ಗುರುತಿಸಿ ಎಣಿಸಬಹುದು. ಒಂದೊಂದು ಕೋಶದ ಮೈಮೇಲೂ ಮೈಕ್ರೋವಿಲ್ಲೈ ಎಂಬ ಕೂದಲೆಳೆಯಂಥ ಅತಿಸಣ್ಣ ಚಾಚುಗಳು ಎಲ್ಲ ಕಡೆ ಸಮನಾಗಿ ಹರಡಿರುತ್ತವೆ. ಮುಂದಿನ ಕೆಲವು ಗಂಟೆಗಳಲ್ಲಿ ಗೋಲಿಗಳು ಚಪ್ಪಟೆಯಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ನಡುವಿನ ಸಂದುಗಳು ಮುಚ್ಚಿಹೋಗುತ್ತವೆ, ಅಂಚುಗಳು ಮಸುಕಾಗುತ್ತವೆ. ಕೊನೆಗೆ ಎಂಟು ಕೋಶಗಳಿದ್ದ ಕಡೆ ನುಣುಪಾದ ಒಂದೇ ಉಂಡೆ ಕಾಣುತ್ತದೆ. ಇದಕ್ಕೆ ಸಾಂದ್ರೀಕರಣ ಎಂದು ಹೆಸರು. ಸರಿಸುಮಾರು ಅದೇ ಹೊತ್ತಿನಲ್ಲಿ ಪ್ರತಿ ಕೋಶದ ಹೊರಮುಖದ ನಡುಭಾಗದಲ್ಲಿ ಮೈಕ್ರೋವಿಲ್ಲೈಗಳು ಒಟ್ಟುಗೂಡಿ ಟೋಪಿಯಂತೆ ನಿಲ್ಲುತ್ತವೆ. ಉಳಿದ ಮೈ ಬೋಳಾಗುತ್ತದೆ. ಈ ಟೋಪಿಯೇ ಏಪಿಕಲ್ ವಲಯ. ಅದರ ಅಂಚಿನಲ್ಲಿ ಕೋಶದ ಮೈಯನ್ನು ಬಿಗಿಗೊಳಿಸುವ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೊಟೀನು ಎಳೆಗಳ ಉಂಗುರ, ಒಳಗೆ ಪಾರ್3, ಪಾರ್6, ಎಪಿಕೆಸಿ, ಎಜ್ರಿನ್ ಮೊದಲಾದ ಪ್ರೊಟೀನುಗಳು ಸೇರಿರುತ್ತವೆ. ನೆರೆಕೋಶಕ್ಕೆ ತಗುಲಿದ ಮುಖದಲ್ಲಿ ಇ-ಕ್ಯಾಡ್ಹೆರಿನ್ ಎಂಬ ಅಂಟುಪ್ರೊಟೀನು ಮತ್ತು ಅದರ ಸಂಗಡಿಗ ಪ್ರೊಟೀನುಗಳು ನೆಲೆಗೊಳ್ಳುತ್ತವೆ.

ಇಲ್ಲಿ ಗಮನಿಸಬೇಕಾದದ್ದೆಂದರೆ, ಎಂಟು ಕೋಶಗಳೂ ಭ್ರೂಣದ ಹೊರಮೈಯಲ್ಲೇ ಇರುವುದರಿಂದ ಸಾಮಾನ್ಯವಾಗಿ ಎಂಟಕ್ಕೂ ಟೋಪಿ ಮೂಡುತ್ತದೆ. ಕೋಶ ಕೋಶಗಳ ನಡುವೆ ಇನ್ನೂ ಅಂಥ ಭೇದವಿಲ್ಲ. ಭೇದವೆಲ್ಲ ಪ್ರತಿಯೊಂದರ ಒಳಗೇ ಇದೆ.

ಪ್ರಶ್ನೆ: ಹೊರಮುಖ ಯಾವುದು ಎಂದು ಕೋಶಕ್ಕೆ ತಿಳಿಯುವುದಾದರೂ ಹೇಗೆ? ಅಂಡಾಣುವಿನಲ್ಲಿಯೇ ಇದರ ನಕ್ಷೆ ಅಡಗಿರಬಹುದಲ್ಲವೇ?

ಉತ್ತರ: ಹಾಗೆ ಅನುಮಾನಿಸುವುದಕ್ಕೆ ಸಕಾರಣವಿದೆ, ಏಕೆಂದರೆ ಹಲವು ಪ್ರಾಣಿಗಳಲ್ಲಿ ನಡೆಯುವುದು ಹಾಗೆಯೇ. ಸೀನೊರ್ಯಾಬ್ಡೈಟಿಸ್ ಎಲಿಗನ್ಸ್ ಎಂಬ, ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನಲ್ಲಿ ವೀರ್ಯಾಣು ಹೊಕ್ಕ ಜಾಗವೇ ಭ್ರೂಣದ ಹಿಂಬದಿಯನ್ನು ನಿರ್ಧರಿಸುತ್ತದೆ, ಮತ್ತು ಮೊದಲ ವಿಭಜನೆಯಲ್ಲಿಯೇ ಎರಡು ಬೇರೆ ಬೇರೆ ಕೋಶಗಳು ಹುಟ್ಟುತ್ತವೆ. ಪಾರ್ ವಂಶವಾಹಿಗಳನ್ನು ಮೊದಲು ಗುರುತಿಸಿದ್ದೂ ಈ ಹುಳುವಿನಲ್ಲೇ. ಕೆನೆತ್ ಕೆಂಫ್ಯೂಸ್ ಮತ್ತು ಸಂಗಡಿಗರು 1988ರಲ್ಲಿ ಅವುಗಳನ್ನು ವರ್ಣಿಸಿದರು. ಇಲಿಯ ಭ್ರೂಣವೂ ಆ ಪ್ರೊಟೀನುಗಳ ಬಂಧುಗಳನ್ನೇ ಬಳಸುತ್ತದೆ, ಆದರೆ ಅವುಗಳನ್ನು ಎಲ್ಲಿ ಕೂಡಿಸಬೇಕು ಎಂಬ ಸೂಚನೆಯನ್ನು ಬೇರೆ ಕಡೆಯಿಂದ ಪಡೆಯುತ್ತದೆ. ಆ ಸೂಚನೆ ಸ್ಪರ್ಶ.

ಇದನ್ನು ತೋರಿಸಿಕೊಟ್ಟ ಪ್ರಯೋಗ ನನಗೆ ಬಹಳ ಪ್ರಿಯವಾದದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. 1980ರ ಸುಮಾರಿಗೆ ಕೇಂಬ್ರಿಜ್‌ನಲ್ಲಿ ಕ್ಯಾರಲ್ ಜಿಯೋಮೆಕ್ ಮತ್ತು ಮಾರ್ಟಿನ್ ಜಾನ್ಸನ್ ಎಳೆಯ ಇಲಿಭ್ರೂಣಗಳ ಹೊದಿಕೆಯನ್ನು ತೆಗೆದು, ಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ, ಎಂಟು ಕೋಶಗಳ ಹಂತದ ಎರಡೆರಡು ಕೋಶಗಳನ್ನು ಜೋಡಿಯಾಗಿ ಅಂಟಿಸಿ ಬೆಳೆಸಿದರು. ಭ್ರೂಣವೆಂಬುದೇ ಇಲ್ಲದ ಆ ಎರಡು ಕೋಶಗಳ ಮಟ್ಟಿಗೆ ಒಳಗು, ಹೊರಗು, ಮೇಲು, ಕೆಳಗು ಯಾವುದೂ ಇರಲಿಲ್ಲ. ಇದ್ದದ್ದು ಪರಸ್ಪರ ತಗುಲಿಕೊಂಡ ಒಂದು ಜಾಗ ಮಾತ್ರ. ಆದರೂ ಕೆಲವು ಗಂಟೆಗಳ ಬಳಿಕ ಎರಡರಲ್ಲೂ ಟೋಪಿ ಮೂಡಿತು, ಮತ್ತು ಬಹುತೇಕ ಜೋಡಿಗಳಲ್ಲಿ ಅದು ತಗುಲಿದ ಜಾಗಕ್ಕೆ ನೇರ ಎದುರು ಬದಿಯಲ್ಲಿ ಮೂಡಿತು. ಸಂಪರ್ಕದ ಜಾಗವನ್ನು ಬದಲಿಸಿದರೆ ಟೋಪಿಯ ಜಾಗವೂ ಬದಲಾಯಿತು. ಒಂಟಿಯಾಗಿ ಬಿಟ್ಟ ಕೋಶಗಳಲ್ಲಿ ಟೋಪಿ ಮೂಡಿದ್ದು ಕಡಿಮೆ. ಹಾಗಾಗಿ ಕೋಶವು 'ಹೊರಗೆ' ಎಂಬುದನ್ನು ನೇರವಾಗಿ ಅರಿಯುವುದಿಲ್ಲ; 'ಇಲ್ಲಿ ಯಾರೋ ತಗುಲಿದ್ದಾರೆ' ಎಂಬುದನ್ನು ಅರಿತು, ಅದರಿಂದ ಆದಷ್ಟು ದೂರದಲ್ಲಿ ತನ್ನ ಹೊರಮುಖವನ್ನು ಕಟ್ಟಿಕೊಳ್ಳುತ್ತದೆ. ಹಲವು ನೆರೆಕೋಶಗಳ ನಡುವೆ ಕೂತ ಕೋಶಕ್ಕೆ ಯಾರೂ ತಗುಲದ ಜಾಗ ಉಳಿಯುವುದು ಭ್ರೂಣದ ಹೊರಮೈಯಲ್ಲಿ ಮಾತ್ರ. ಇಷ್ಟು ಸರಳವಾದ ನಿಯಮದಿಂದ ಎಂಟೂ ಕೋಶಗಳು ಒಂದನ್ನೊಂದು ಕೇಳದೆಯೇ ಒಂದೇ ಉತ್ತರಕ್ಕೆ ಬರುತ್ತವೆ.

ಇ-ಕ್ಯಾಡ್ಹೆರಿನ್ ಇಲ್ಲದಂತೆ ಮಾಡಿದ ಭ್ರೂಣಗಳು ಈ ಮಾತಿಗೆ ಇನ್ನೊಂದು ಕಡೆಯಿಂದ ಬೆಂಬಲ ಕೊಡುತ್ತವೆ. ಜಾನೆಟ್ ರೋಸಾಂಟ್ ಅವರ ಪ್ರಯೋಗಾಲಯದಿಂದ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಭ್ರೂಣಗಳ ಕೋಶಗಳು ಬಿಗಿಯಾಗಿ ಒತ್ತಿಕೊಳ್ಳಲಿಲ್ಲ, ಆದರೆ ಏಪಿಕಲ್ ಪ್ರೊಟೀನುಗಳು ಮಾಯವಾಗಲೂ ಇಲ್ಲ. ಅವು ಎಲ್ಲೆ ಮೀರಿ ಹರಡಿಕೊಂಡವು, ಮತ್ತು ಇರಬೇಕಾದುದಕ್ಕಿಂತ ಹೆಚ್ಚು ಕೋಶಗಳು ಹೊರಪದರದ ಗುಣ ತಳೆದವು. ಸ್ಪರ್ಶದ ಮುಖ್ಯ ಕೆಲಸ ಟೋಪಿಯನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ 'ಇಲ್ಲಿ ಬೇಡ' ಎಂದು ಗೆರೆ ಎಳೆಯುವುದು ಎಂದು ಇದರಿಂದ ಅರ್ಥವಾಗುತ್ತದೆ.

ನಾಲ್ಕು ಕೋಶಗಳ ಹಂತದಲ್ಲಿಯೇ ಕೋಶಗಳ ನಡುವೆ ಕೆಲವು ರಾಸಾಯನಿಕ ವ್ಯತ್ಯಾಸಗಳು ಕಂಡಿರುವುದು ನಿಜ. ಮುಂದಿನ ಹಾದಿಯ ಕಡೆಗೆ ಅವು ಕೋಶವನ್ನು ಸ್ವಲ್ಪ ವಾಲಿಸಬಹುದು ಎಂಬ ವಾದವೂ ಇದೆ. ಆದರೆ ವಾಲುವುದೇ ಬೇರೆ, ನಕ್ಷೆಯೇ ಬೇರೆ. ಆ ಹಂತದ ಕೋಶಗಳು ಜಾಗ ಬದಲಾದರೆ ತಮ್ಮ ದಾರಿಯನ್ನೂ ಬದಲಿಸಬಲ್ಲವು.

ಪ್ರಶ್ನೆ: ಎರಡು ಅಥವಾ ನಾಲ್ಕು ಕೋಶಗಳಿರುವಾಗಲೂ ಅವು ಒಂದಕ್ಕೊಂದು ತಗುಲಿಯೇ ಇರುತ್ತವೆ. ಸ್ಪರ್ಶವೇ ಸೂಚನೆಯಾದರೆ ಧ್ರುವೀಕರಣ ಎಂಟು ಕೋಶಗಳ ತನಕ ಕಾಯುವುದೇಕೆ?

ಉತ್ತರ: ಬಹಳ ಸೂಕ್ಷ್ಮವಾದ ಪ್ರಶ್ನೆ, ಇದಕ್ಕೆ ತೃಪ್ತಿಕರ ಉತ್ತರ ದೊರೆತದ್ದು ಇತ್ತೀಚೆಗೆ. ಸ್ಪರ್ಶ ಎಲ್ಲಿ ಎಂಬುದನ್ನು ಹೇಳುತ್ತದೆ. ಯಾವಾಗ ಎಂಬುದನ್ನು ಹೇಳಲು ಇನ್ನೊಂದು ಏರ್ಪಾಡು ಬೇಕು.

ಮೊದಲು ಟೋಪಿ ಕಟ್ಟುವ ಯಂತ್ರವನ್ನು ನೋಡೋಣ. ಮ್ಯಾಗ್ಡಲೆನಾ ಜೆರ್ನಿಕಾ-ಗೋಟ್ಜ್ ಅವರ ತಂಡ 2017ರಲ್ಲಿ ತೋರಿಸಿದಂತೆ ಕೆಲಸ ಎರಡು ಹಂತಗಳಲ್ಲಿ ಸಾಗುತ್ತದೆ. ಕೋಶಪೊರೆಯಲ್ಲಿರುವ ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವ ಪೊರೆಯ ಒಂದು ಬಗೆಯ ಕೊಬ್ಬಿನ ಅಣುವನ್ನು ಸೀಳುತ್ತದೆ, ಅದರಿಂದ ಪ್ರೊಟೀನ್ ಕೈನೇಸ್ ಸಿ ಚುರುಕಾಗುತ್ತದೆ, ಅದು ರೋಎ ಎಂಬ ಪ್ರೊಟೀನಿನ ಮೂಲಕ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳನ್ನು ಯಾರೂ ತಗುಲದ ಮುಖಕ್ಕೆ ಕರೆತರುತ್ತದೆ. ಇದು ಮೊದಲ ಹಂತ. ಎರಡನೆಯ ಹಂತದಲ್ಲಿ ಪಾರ್ ಪ್ರೊಟೀನುಗಳು ಅದೇ ಮುಖಕ್ಕೆ ಬಂದು ನೆಲೆಸುತ್ತವೆ. ನಡುವಿನಲ್ಲಿದ್ದ ಆಕ್ಟಿನ್ ಎಳೆಗಳು ಅಂಚಿಗೆ ಸರಿದು ಉಂಗುರವಾಗುತ್ತವೆ. ಸಂಕೇತದ ಈ ಸರಪಳಿಯನ್ನು ತಡೆದಾಗ ಟೋಪಿ ಮೂಡಲಿಲ್ಲ.

ಇನ್ನು ಹೊತ್ತಿನ ಮಾತು. ಅಂಡಾಣು ತಾಯಿಯಿಂದ ಪಡೆದ ಸಾಮಗ್ರಿಯ ಮೇಲೆ ಮೊದಲ ಒಂದು ದಿನವನ್ನು ಕಳೆಯುತ್ತದೆ. ಇಲಿಯಲ್ಲಿ ಭ್ರೂಣದ ಸ್ವಂತ ವಂಶವಾಹಿಗಳು ಹೆಚ್ಚಿನ ಪ್ರಮಾಣದಲ್ಲಿ ಕೆಲಸ ಆರಂಭಿಸುವುದು ಎರಡು ಕೋಶಗಳ ಹಂತದಲ್ಲಿ. ಅಲ್ಲಿಂದ ಮುಂದೆ ಟಿಎಫ್‌ಎಪಿ2ಸಿ ಮತ್ತು ಟೆಡ್4 ಎಂಬ ಎರಡು ನಿಯಂತ್ರಕ ಪ್ರೊಟೀನುಗಳು ಕೋಶದಲ್ಲಿ ಕ್ರಮೇಣ ಶೇಖರವಾಗುತ್ತವೆ. ಅವು ಆಕ್ಟಿನ್ ಜಾಲವನ್ನು ನಿಭಾಯಿಸುವ ವಂಶವಾಹಿಗಳನ್ನು ಚುರುಕುಗೊಳಿಸಿ, ಪೊರೆಯ ಮೇಲಿನ ಪ್ರೊಟೀನುಗಳು ಸರಿದಾಡಿ ಗುಂಪುಗೂಡಲು ಬೇಕಾದ ಪರಿಸ್ಥಿತಿಯನ್ನು ಒದಗಿಸುತ್ತವೆ. ಅದೇ ತಂಡ 2020ರಲ್ಲಿ ಈ ಎರಡು ಪ್ರೊಟೀನುಗಳನ್ನು ಮುಂಚಿತವಾಗಿಯೇ ಹೆಚ್ಚಿಸಿ, ಜೊತೆಗೆ ರೋಎಯನ್ನೂ ಚುರುಕುಗೊಳಿಸಿದಾಗ, ಕೋಶಗಳು ಎಂಟಾಗುವ ತನಕ ಕಾಯದೆ ಅವಧಿಗೆ ಮುನ್ನವೇ ಧ್ರುವೀಕರಣಗೊಂಡವು. ಹಾಗಾಗಿ ಕೋಶಗಳು ತಮ್ಮ ಸಂಖ್ಯೆಯನ್ನು ಎಣಿಸುತ್ತಿಲ್ಲ. ಒಳಗೆ ತುಂಬುತ್ತಿರುವ ಸಾಮಗ್ರಿ ಒಂದು ಮಟ್ಟ ಮುಟ್ಟುವುದೇ ಅವುಗಳ ಗಡಿಯಾರ.

ಪ್ರಶ್ನೆ: ಹೊರಮೈಯಲ್ಲಿ ಮೂಡಿದ ಒಂದು ಟೋಪಿ, ಕೋಶದ ನಡುವಿನಲ್ಲಿರುವ ವಂಶವಾಹಿಗಳಿಗೆ ಸುದ್ದಿ ಮುಟ್ಟಿಸುವುದು ಹೇಗೆ?

ಉತ್ತರ: ಇದರಲ್ಲಿ ಎರಡು ಭಾಗಗಳಿವೆ: ಟೋಪಿ ಯಾರ ಪಾಲಿಗೆ ಹೋಗುತ್ತದೆ ಎಂಬುದು ಮೊದಲನೆಯದು, ಪಾಲು ಪಡೆದ ಕೋಶದಲ್ಲಿ ಏನಾಗುತ್ತದೆ ಎಂಬುದು ಎರಡನೆಯದು.

ಎಂಟು ಕೋಶಗಳು ಹದಿನಾರಾಗುವಾಗ ಪ್ರತಿ ಕೋಶವೂ ಯಾವುದೋ ಒಂದು ಕೋನದಲ್ಲಿ ಸೀಳುತ್ತದೆ. ಸೀಳು ಟೋಪಿಯ ನಡುವೆ ಹಾದರೆ ಎರಡೂ ಮರಿಕೋಶಗಳಿಗೆ ಹೊರಮುಖದ ಪಾಲು ದೊರೆಯುತ್ತದೆ. ಅಡ್ಡವಾಗಿ ಹಾದರೆ ಒಂದಕ್ಕೆ ಪೂರ್ತಿ ಪಾಲು, ಇನ್ನೊಂದಕ್ಕೆ ಏನೂ ಇಲ್ಲ. ಜಾನ್ಸನ್ ಮತ್ತು ಜಿಯೋಮೆಕ್ 1981ರಲ್ಲಿ ಮಂಡಿಸಿದ ವಿಚಾರ ಇದೇ. ಅದಕ್ಕೂ ಮೊದಲು, 1967ರಲ್ಲಿ, ಪೋಲೆಂಡಿನ ಆಂಜೆ ಟಾರ್ಕೋವ್ಸ್ಕಿ ಮತ್ತು ಯೋವಾನ್ನಾ ವ್ರುಬ್ಲೆವ್ಸ್ಕಾ ಅವರು ಕೋಶ ಒಳಗಿದೆಯೋ ಹೊರಗಿದೆಯೋ ಎಂಬುದೇ ಅದರ ಮುಂದಿನ ದಾರಿಯನ್ನು ನಿರ್ಧರಿಸುತ್ತದೆ ಎಂದಿದ್ದರು. ಬಹುಕಾಲ ಈ ಎರಡು ವಿಚಾರಗಳನ್ನು ಎದುರಾಳಿಗಳಂತೆ ಕಾಣಲಾಯಿತು. ಅವು ಒಂದೇ ಪ್ರಕ್ರಿಯೆಯ ಎರಡು ತುದಿಗಳು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಟೋಪಿಯಿಲ್ಲದ ಕೋಶ ತಾನಾಗಿಯೇ ಒಳಗೆ ಸರಿಯುತ್ತದೆ. ತಕಾಶಿ ಹೀರಾಗಿ ಅವರ ತಂಡದಲ್ಲಿದ್ದ ಜಾನ್-ಲಿಯಾನ್ ಮೇತ್ರ್ ಮತ್ತು ಸಂಗಡಿಗರು 2016ರಲ್ಲಿ ಇದರ ಯಾಂತ್ರಿಕ ಕಾರಣವನ್ನು ಅಳೆದು ತೋರಿಸಿದರು: ಏಪಿಕಲ್ ವಲಯವಿರುವ ಕಡೆ ಮಯೋಸಿನ್ ಕಡಿಮೆ, ಆದ್ದರಿಂದ ಟೋಪಿಯಿರುವ ಕೋಶದ ಹೊರಮೈ ಸಡಿಲ, ಟೋಪಿಯಿಲ್ಲದ ಕೋಶದ ಮೈ ಹೆಚ್ಚು ಬಿಗಿ. ಬಿಗಿತದ ಅಂತರ ಒಂದು ಮಟ್ಟ ದಾಟಿದಾಗ ಸಡಿಲವಾದ ಕೋಶ ಹರಡಿಕೊಂಡು ಬಿಗಿಯಾದ ಕೋಶವನ್ನು ಹೊದ್ದುಕೊಳ್ಳುತ್ತದೆ, ಬಿಗಿಯಾದದ್ದು ಒಳಗೆ ಸೇರಿಹೋಗುತ್ತದೆ.

ಎರಡನೆಯ ಭಾಗದಲ್ಲಿ ಹಿಪ್ಪೊ ಎಂಬ ಸಂಕೇತ ಮಾರ್ಗ ಕೆಲಸ ಮಾಡುತ್ತದೆ. ಇದರ ಕೊನೆಯ ಕೊಂಡಿ ಯಾಪ್ ಎಂಬ ಪ್ರೊಟೀನು. ಯಾಪ್ ಕೋಶಕೇಂದ್ರದೊಳಗೆ ಹೋಗಿ ಟೆಡ್4 ಜೊತೆ ಸೇರಿದರೆ ಹೊರಪದರದ ಗುಣಗಳನ್ನು ಹೊರಡಿಸುವ ಸಿಡಿಎಕ್ಸ್2 ವಂಶವಾಹಿ ಚಾಲನೆಗೊಳ್ಳುತ್ತದೆ. ಹೊರಗೇ ಉಳಿದರೆ ಇಲ್ಲ. ಯಾಪ್‌ನ ಪ್ರವೇಶವನ್ನು ತಡೆಯುವ ಲ್ಯಾಟ್ಸ್ ಕಿಣ್ವವನ್ನು ಚುರುಕುಗೊಳಿಸುವುದು ಆಂಜಿಯೋಮೋಟಿನ್ ಎಂಬ ಇನ್ನೊಂದು ಪ್ರೊಟೀನು, ಮತ್ತು ಟೋಪಿಯ ಪಾತ್ರ ಬರುವುದು ಇಲ್ಲಿಯೇ. ಟೋಪಿಯಿರುವ ಕೋಶದಲ್ಲಿ ಆಂಜಿಯೋಮೋಟಿನ್ ಏಪಿಕಲ್ ವಲಯದಲ್ಲಿ ಸಿಕ್ಕಿಕೊಂಡಿರುವುದರಿಂದ ಲ್ಯಾಟ್ಸ್‌ನ ಹತ್ತಿರ ಬರಲಾರದು, ಹೀಗಾಗಿ ಯಾಪ್ ನಿರಾತಂಕವಾಗಿ ಒಳನುಗ್ಗುತ್ತದೆ. ಟೋಪಿಯಿಲ್ಲದ ಕೋಶದಲ್ಲಿ ಆಂಜಿಯೋಮೋಟಿನ್ ನೆರೆಕೋಶಗಳೊಂದಿಗಿನ ಬೆಸುಗೆಯ ಜಾಗಗಳಲ್ಲಿ ನೆಲೆಸಿ, ಅಲ್ಲಿ ಲ್ಯಾಟ್ಸ್ ಅನ್ನು ಎಚ್ಚರಿಸಿ, ಯಾಪ್‌ಗೆ ದಾರಿ ಮುಚ್ಚಿಸುತ್ತದೆ. ಯಾಪ್‌ಗೆ ಹೊಳೆಯುವ ಬಣ್ಣ ಹಚ್ಚಿದ ಭ್ರೂಣವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಹೊರಗಿನ ಕೋಶಗಳ ಕೇಂದ್ರಗಳು ದೀಪ ಹಚ್ಚಿಟ್ಟಂತೆ ಬೆಳಗುತ್ತವೆ, ಒಳಗಿನ ಕೋಶಗಳ ಕೇಂದ್ರಗಳು ಕಪ್ಪಾಗಿರುತ್ತವೆ. ಇಷ್ಟು ಅಮೂರ್ತವಾದ ನಿರ್ಧಾರವೊಂದು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವುದು ಜೀವಶಾಸ್ತ್ರದಲ್ಲಿ ಅಪರೂಪ.

ಹಿರೋಶಿ ಸಸಾಕಿ ಅವರ ತಂಡದ ಅಧ್ಯಯನಗಳಿಂದ ಈ ಮಾರ್ಗದ ಹೆಚ್ಚಿನ ವಿವರ ತಿಳಿದುಬಂದಿದೆ. 2017ರಲ್ಲಿ ಹೀರಾಗಿ ಅವರ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಂದು ಕೋಶದ ಏಪಿಕಲ್ ವಲಯವನ್ನು ಟೋಪಿಯಿಲ್ಲದ ಇನ್ನೊಂದು ಕೋಶಕ್ಕೆ ಕಸಿ ಮಾಡಿ, ಹೊರಪದರದ ದಾರಿ ಹಿಡಿಸಲು ಆ ವಲಯವೊಂದೇ ಸಾಕು ಎಂದು ತೋರಿಸಿತು. ಕೆರಾಟಿನ್ ಎಳೆಗಳ ವಿಷಯವನ್ನೂ ಇಲ್ಲಿ ಸೇರಿಸಬೇಕು. ಕೋಶ ವಿಭಜನೆಗೊಳ್ಳುವ ಹೊತ್ತಿಗೆ ಟೋಪಿಯ ಬಹುಭಾಗ ಕಳಚಿಕೊಂಡು ಮರಿಕೋಶದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗಾದರೆ ಯಾವ ಮರಿಗೆ ಟೋಪಿ ಸಲ್ಲಬೇಕು ಎಂಬ ನೆನಪು ಎಲ್ಲಿ ಉಳಿಯುತ್ತದೆ? ನಿಕೋಲಸ್ ಪ್ಲಾಚ್ಟಾ ಅವರ ತಂಡ 2020ರಲ್ಲಿ ಕಂಡಂತೆ, ಕೆಲವು ಕೋಶಗಳ ಹೊರಮುಖದಲ್ಲಿ ಹಿಡಿದಿಟ್ಟ ಕೆರಾಟಿನ್ ಎಳೆಗಳು ವಿಭಜನೆಯ ಉದ್ದಕ್ಕೂ ಅಲ್ಲೇ ಉಳಿದು, ಹೊರಗಿನ ಮರಿಕೋಶದ ಪಾಲಾಗಿ, ಅದು ಬೇಗ ಟೋಪಿ ಕಟ್ಟಿಕೊಳ್ಳಲು ನೆರವಾಗುತ್ತವೆ.

ಪ್ರಶ್ನೆ: ಟೋಪಿಯಿಲ್ಲದ ಕೋಶ ಹೊರಪದರಕ್ಕೆ ಸೇರಿದರೆ ಅಥವಾ ಭ್ರೂಣ ಅರ್ಧ ಭಾಗವನ್ನೇ ಕಳೆದುಕೊಂಡರೆ ಏನಾಗುತ್ತದೆ?

ಉತ್ತರ: ಆರಂಭದ ಹಂತಗಳಲ್ಲಿ ಭ್ರೂಣ ಇದನ್ನು ಸರಿಪಡಿಸಿಕೊಳ್ಳುತ್ತದೆ. ಟಾರ್ಕೋವ್ಸ್ಕಿ 1959ರಲ್ಲಿ ಎರಡು ಕೋಶಗಳ ಹಂತದ ಇಲಿಭ್ರೂಣದಲ್ಲಿ ಒಂದು ಕೋಶವನ್ನು ನಾಶಮಾಡಿದಾಗ ಉಳಿದ ಒಂದೇ ಕೋಶದಿಂದ ಪೂರ್ಣ ಇಲಿ ಹುಟ್ಟಿತು. 1961ರಲ್ಲಿ ಅವರು ಇದನ್ನು ತಿರುಗಿಸಿ, ಎಂಟು ಕೋಶಗಳ ಎರಡು ಭ್ರೂಣಗಳನ್ನು ಒಂದಾಗಿ ಬೆಸೆದರು. ಅವೂ ಒಂದೇ ಭ್ರೂಣವಾಗಿ ಬೆಳೆದವು. ನಿಗದಿಯಾದ ನಕ್ಷೆಯೊಂದನ್ನು ಅನುಸರಿಸುವ ಭ್ರೂಣಕ್ಕೆ ಇವೆರಡೂ ಸಾಧ್ಯವಾಗುತ್ತಿರಲಿಲ್ಲ. ಪ್ರತಿ ಕೋಶವೂ ತನಗೆ ಯಾರು ತಗುಲಿದ್ದಾರೆ, ಎಲ್ಲಿ ತಗುಲಿಲ್ಲ ಎಂಬುದನ್ನಷ್ಟೇ ನೋಡಿಕೊಂಡು ನಡೆಯುವುದರಿಂದ, ಕೋಶಗಳ ಸಂಖ್ಯೆ ಅರ್ಧವಾದರೂ ಇಮ್ಮಡಿಯಾದರೂ ಲೆಕ್ಕ ತಪ್ಪುವುದಿಲ್ಲ. ಹದಿನಾರು ಕೋಶಗಳ ಭ್ರೂಣದ ಒಳಗಿನ ಕೋಶಗಳನ್ನು ಬಿಡಿಸಿ ಹೊರಗಿಟ್ಟರೆ ಅವೂ ಕೆಲವು ಗಂಟೆಗಳಲ್ಲಿ ಧ್ರುವೀಕರಣಗೊಂಡು ಹೊರಪದರವನ್ನು ಕಟ್ಟಬಲ್ಲವು. ಹೊರಗಿನ ಕೋಶಗಳು ತಮ್ಮ ಈ ಸ್ವಾತಂತ್ರ್ಯವನ್ನು ಬೇಗ ಕಳೆದುಕೊಳ್ಳುತ್ತವೆ, ಒಳಗಿನವು ಸ್ವಲ್ಪ ತಡವಾಗಿ.

ಮೂವತ್ತೆರಡು ಕೋಶಗಳ ಹೊತ್ತಿಗೆ ಹೊರಪದರದ ಕೋಶಗಳು ನೀರು ಜಿನುಗದಂಥ ಬೆಸುಗೆಗಳಿಂದ ಒಂದಕ್ಕೊಂದು ಬಿಗಿದುಕೊಂಡು, ಒಳಗಡೆಗೆ ಸೋಡಿಯಂ ಅಯಾನುಗಳನ್ನು ಪಂಪು ಮಾಡತೊಡಗುತ್ತವೆ. ಅದರ ಹಿಂದೆ ನೀರೂ ನುಗ್ಗಿ, ಭ್ರೂಣದೊಳಗೆ ದ್ರವ ತುಂಬಿದ ಪೊಳ್ಳು ಏರ್ಪಡುತ್ತದೆ. ಇದೇ ಬ್ಲಾಸ್ಟೋಸಿಸ್ಟ್. ಪಂಪುಗಳೆಲ್ಲ ಒಂದೇ ಮುಖದಲ್ಲಿದ್ದರೆ ಮಾತ್ರ ನೀರು ಒಂದೇ ದಿಕ್ಕಿಗೆ ಹರಿಯಬಲ್ಲದು, ಆದ್ದರಿಂದ ಧ್ರುವೀಕರಣ ಕೆಟ್ಟ ಭ್ರೂಣದಲ್ಲಿ ಪೊಳ್ಳು ಸರಿಯಾಗಿ ಮೂಡುವುದಿಲ್ಲ. ಪಾರ್6 ಗುಂಪಿನ ಒಂದು ಪ್ರೊಟೀನನ್ನು ತಗ್ಗಿಸಿದ ಇಲಿಭ್ರೂಣಗಳಲ್ಲಿ ಇದನ್ನು ಕಾಣಲಾಗಿದೆ.

ಪ್ರಶ್ನೆ: ಇದೆಲ್ಲ ಇಲಿಯ ಕಥೆಯಾಯಿತು. ಮನುಷ್ಯನಲ್ಲಿಯೂ ಹೀಗೆಯೇ ನಡೆಯುತ್ತದೆಯೇ?

ಉತ್ತರ: ಚೌಕಟ್ಟು ಅದೇ, ವೇಳೆ ಮತ್ತು ವಿವರಗಳು ಬೇರೆ. ಮನುಷ್ಯನ ಭ್ರೂಣ ಎಂಟು ಕೋಶಗಳಾಗುವುದು ಮೂರನೆಯ ದಿನದ ಹೊತ್ತಿಗೆ, ಸಾಂದ್ರೀಕರಣ ಕಾಣುವುದು ಸಾಮಾನ್ಯವಾಗಿ ನಾಲ್ಕನೆಯ ದಿನ, ಬ್ಲಾಸ್ಟೋಸಿಸ್ಟ್ ಆಗುವುದು ಐದು ಅಥವಾ ಆರನೆಯ ದಿನ. ಸಂತಾನ ಚಿಕಿತ್ಸೆಯಲ್ಲಿ ಬಳಕೆಯಾಗದೆ ಉಳಿದು, ದಂಪತಿಗಳು ಸಂಶೋಧನೆಗೆ ದಾನ ಮಾಡಿದ ಭ್ರೂಣಗಳಿಂದಲೇ ಈ ತಿಳಿವಳಿಕೆ ಬಂದಿದೆ ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ಕ್ಯಾಥಿ ನಿಯಾಕನ್ ಅವರ ತಂಡ 2020ರಲ್ಲಿ ಮನುಷ್ಯ, ಹಸು ಮತ್ತು ಇಲಿಯ ಭ್ರೂಣಗಳನ್ನು ಹೋಲಿಸಿ, ಮೂರರಲ್ಲೂ ಹೊರಗಿನ ಕೋಶಗಳು ಧ್ರುವೀಕರಣಗೊಂಡು ಯಾಪ್ ಅನ್ನು ಕೇಂದ್ರಕ್ಕೆ ಕಳುಹಿಸುತ್ತವೆ ಎಂದು ತೋರಿಸಿತು. ಎಪಿಕೆಸಿಯನ್ನು ತಡೆದಾಗ ಹೊರಪದರದ ಗುರುತಾದ ಗಾಟಾ3 ಪ್ರೊಟೀನು ಕುಗ್ಗಿತು. ಮನುಷ್ಯನಲ್ಲಿ ಮೊದಲು ಮೂಡುವ ಗುರುತು ಈ ಗಾಟಾ3. ಇಲಿಯಲ್ಲಿ ಅಷ್ಟು ಮುಖ್ಯವಾದ ಸಿಡಿಎಕ್ಸ್2 ಇಲ್ಲಿ ತಡವಾಗಿ ಬರುತ್ತದೆ. ಜೆರ್ನಿಕಾ-ಗೋಟ್ಜ್ ಅವರ ತಂಡದ 2021ರ ಅಧ್ಯಯನದ ಪ್ರಕಾರ ಮನುಷ್ಯನ ಭ್ರೂಣಕ್ಕೂ ಫಾಸ್ಫೋಲೈಪೇಸ್ ಸಿ ಬೇಕು. ಆದರೆ ಗಾಟಾ3 ಧ್ರುವೀಕರಣಕ್ಕಾಗಿ ಕಾಯದೆಯೂ ಅಲ್ಲಲ್ಲಿ ತಲೆಯೆತ್ತುತ್ತದೆ, ಟೋಪಿ ಮೂಡಿದ ಮೇಲೆ ಗಟ್ಟಿಯಾಗುತ್ತದೆ. ಮನುಷ್ಯನಲ್ಲಿ ಧ್ರುವೀಕರಣ ಈ ಗುರುತನ್ನು ಹುಟ್ಟಿಸುವುದಕ್ಕಿಂತ ಹೆಚ್ಚಾಗಿ ಬಲಪಡಿಸುತ್ತದೆ ಎಂದೇ ನಾನು ಇದನ್ನು ಓದುತ್ತೇನೆ.

ಒತ್ತಿಕೊಳ್ಳುವ ಬಗೆಯಲ್ಲೂ ವ್ಯತ್ಯಾಸವಿದೆ. ಇಲಿಯ ಕೋಶಗಳ ಹೊರಮೈಯ ಬಿಗಿತ ಸುಮಾರು ಇಮ್ಮಡಿಯಾಗುತ್ತದೆ, ಜೊತೆಗೆ ತಗುಲಿದ ಮುಖಗಳ ಬಿಗಿತ ಇಳಿಯುತ್ತದೆ. ಮೇತ್ರ್ ಅವರ ಈಗಿನ ತಂಡ 2024ರಲ್ಲಿ ಮನುಷ್ಯನ ಭ್ರೂಣಗಳನ್ನು ಅಳೆದಾಗ ಹೊರಮೈಯ ಬಿಗಿತ ನಾಲ್ಕು ಪಟ್ಟಾಗುವುದನ್ನೂ ತಗುಲಿದ ಮುಖಗಳ ಬಿಗಿತ ಹೆಚ್ಚುಕಡಿಮೆ ಇದ್ದಂತೆಯೇ ಇರುವುದನ್ನೂ ಕಂಡಿತು. ಅತಿ ಸಪೂರವಾದ ಗಾಜಿನ ನಳಿಕೆಯ ತುದಿಯನ್ನು ಕೋಶದ ಮೈಗೆ ಹಿಡಿದು, ಮೆಲ್ಲನೆ ಹೀರಿ, ಪೊರೆ ಎಷ್ಟು ಒಳಗೆ ಉಬ್ಬುತ್ತದೆ ಎಂಬುದರಿಂದ ಈ ಬಿಗಿತವನ್ನು ಲೆಕ್ಕ ಹಾಕುತ್ತಾರೆ.

ಪ್ರಶ್ನೆ: ಪ್ರನಾಳ ಶಿಶು ಚಿಕಿತ್ಸೆಯಲ್ಲಿ ವಂಶವಾಹಿ ಪರೀಕ್ಷೆಗೆಂದು ಐದನೆಯ ದಿನದ ಭ್ರೂಣದಿಂದ ಕೋಶಗಳನ್ನು ತೆಗೆಯುತ್ತಾರೆ. ಅದು ಮಗುವಿನ ಒಂದು ಭಾಗವನ್ನೇ ತೆಗೆದಂತಾಗುವುದಿಲ್ಲವೇ?

ಉತ್ತರ: ತೆಗೆಯುವುದು ಬ್ಲಾಸ್ಟೋಸಿಸ್ಟಿನ ಹೊರಪದರದಿಂದ, ಸಾಮಾನ್ಯವಾಗಿ ಐದರಿಂದ ಹತ್ತು ಕೋಶಗಳನ್ನು. ಮೇಲೆ ವಿವರಿಸಿದ ವಿಂಗಡಣೆ ಅಷ್ಟರಲ್ಲಿ ನಡೆದಿರುವುದರಿಂದ, ಆ ಕೋಶಗಳು ಜರಾಯುವಿನ ದಾರಿ ಹಿಡಿದವು. ಮಗುವಿನ ದೇಹವಾಗಬೇಕಾದ ಒಳಗಿನ ಕೋಶರಾಶಿಯನ್ನು ಮುಟ್ಟುವುದಿಲ್ಲ. ಹಿಂದೆ ಮೂರನೆಯ ದಿನ, ಎಂಟರಲ್ಲಿ ಒಂದು ಕೋಶವನ್ನು ತೆಗೆಯುವ ಕ್ರಮ ಹೆಚ್ಚು ಬಳಕೆಯಲ್ಲಿತ್ತು. ಆಗ ಕೋಶಗಳು ಇನ್ನೂ ವಿಂಗಡವಾಗಿರುವುದಿಲ್ಲ, ಮತ್ತು ತೆಗೆದ ಒಂದು ಕೋಶ ಇಡೀ ಭ್ರೂಣದ ದೊಡ್ಡ ಪಾಲೇ ಆಗಿರುತ್ತದೆ. ಐದನೆಯ ದಿನದ ಪರೀಕ್ಷೆಗೂ ತನ್ನದೇ ಮಿತಿಯಿದೆ: ಒಂದೇ ಭ್ರೂಣದ ಕೋಶಗಳಲ್ಲಿ ವರ್ಣತಂತುಗಳ ಸಂಖ್ಯೆ ಕೆಲವೊಮ್ಮೆ ಬೇರೆಬೇರೆಯಾಗಿರುವುದರಿಂದ, ಹೊರಪದರ ಕೊಟ್ಟ ಉತ್ತರ ಒಳಗಿನ ಕೋಶಗಳಿಗೆ ಯಾವಾಗಲೂ ಹೊಂದುತ್ತದೆ ಎನ್ನುವಂತಿಲ್ಲ. ಪರೀಕ್ಷೆಯ ವರದಿ ಕೈಗೆ ಬಂದಾಗ ಈ ಅಂಶವನ್ನು ಚಿಕಿತ್ಸೆ ನೀಡುವ ವೈದ್ಯರೊಂದಿಗೆ ಬಿಡಿಸಿ ಮಾತನಾಡುವುದು ಅಗತ್ಯ.